ಮಹಾದಾಸೋಹಿಯ ಹೊಲದಲ್ಲಿ ಹಕ್ಕಿಗಳು

ಭೀಮಾ ತೀರದ ಯಾದಗಿರಿಯಿಂದ ಕೃಷ್ಣಾ ತೀರದ ತಿಂಥಣಿಯವರೆಗೆ ಹಬ್ಬಿರುವ ಈ ಸೀಮೆ ಶರಣರು ನಡೆದಾಡಿದ ಪುಣ್ಯಭೂಮಿ. ಸುರಪುರದ ಗುಡ್ಡಗಳ ಆಚೆ ತಿಂಥಣಿಯ ಮೌನೇಶ್ವರರು, ಶಹಾಪುರದ ಬೆಟ್ಟದ ನೆರಳಿನಲ್ಲಿ ಚರಬಸವೇಶ್ವರರು, ಯಾದಗಿರಿಗೆ ಸಮೀಪದ ಅಬ್ಬೆತುಮಕೂರಿನಲ್ಲಿ ವಿಶ್ವಾರಾಧ್ಯರು, ಹೀಗೆ ಊರೂರಿಗೂ ಒಬ್ಬೊಬ್ಬ ಮಹಿಮರ ನೆನಪು ಬೆರೆತುಕೊಂಡಿದೆ. ಸಗರನಾಡೆಂದು ಹೆಸರಾದ ಈ ಭಾಗದ ಹಳ್ಳಿಗಳಲ್ಲಿ ಶ್ರಾವಣ ಮಾಸ ಬಂದಿತೆಂದರೆ ಗುಡಿಯ ಕಟ್ಟೆಯಲ್ಲಿ ಪುರಾಣ ಹಚ್ಚುತ್ತಾರೆ. ಆ ಪುರಾಣಗಳಲ್ಲಿ ಜನ ಹೆಚ್ಚು ಒಲಿದು ಕೇಳುವುದು ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರ ಚರಿತೆಯನ್ನು. ಅದರಲ್ಲಿ ಮಹಿಮೆಗಳಿಗೆ ಕೊರತೆಯಿಲ್ಲ. ಆದರೆ ಎಲ್ಲಕ್ಕಿಂತ ಸರಳವಾದ, ಯಾವ ವಾದ್ಯವೈಭವವೂ ಬೇಡದ ಒಂದು ಪ್ರಸಂಗ ಮಾತ್ರ ಮಕ್ಕಳಿಂದ ಮುದುಕರವರೆಗೆ ಎಲ್ಲರ ಮನಸ್ಸಿನಲ್ಲಿಯೂ ನಿಂತಿದೆ. ಅದು ಶರಣರು ತಮ್ಮ ಜೋಳದ ಹೊಲದಲ್ಲಿ ಹಕ್ಕಿಗಳನ್ನು ಓಡಿಸದೆ ಬರಮಾಡಿಕೊಂಡ ಪ್ರಸಂಗ. ಆ ಮಹಾನುಭಾವರ ಜೀವನವನ್ನು ಈ ಒಂದು ಪ್ರಸಂಗದ ಬೆಳಕಿನಲ್ಲಿ ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜನನ ಮತ್ತು ಕಾಲ

ಶರಣಬಸವೇಶ್ವರರು ಅವತರಿಸಿದ್ದು 1746ರಲ್ಲಿ, ಜೇವರ್ಗಿ ಸೀಮೆಯ ಅರಳಗುಂಡಗಿ ಎಂಬ ಗ್ರಾಮದಲ್ಲಿ. ಜೇವರ್ಗಿ, ಶಹಾಪುರ, ಸುರಪುರಗಳ ಎಲ್ಲೆಗಳು ಒಂದನ್ನೊಂದು ತಾಗಿಕೊಂಡಿವೆ. ಮಣ್ಣೂ ಒಂದೇ, ಮಾತೂ ಒಂದೇ, ಉಣ್ಣುವ ರೊಟ್ಟಿಯೂ ಒಂದೇ. ಎಲ್ಲಿ ನಿಂತು ನೋಡಿದರೂ ದಿಗಂತದವರೆಗೆ ಕಪ್ಪು ಎರೆಭೂಮಿ. ಮಳೆ ಹಿಡಿದರೆ ಜೋಳ, ತೊಗರಿ, ಕುಸುಬೆ. ಮಳೆ ಬಿಟ್ಟರೆ ಬಿರುಕು ಬಿಟ್ಟ ನೆಲ. ಅದು ಹೈದರಾಬಾದಿನ ನಿಜಾಮರ ಆಳ್ವಿಕೆ ಬೇರೂರುತ್ತಿದ್ದ ಕಾಲ. ದಂಡುಗಳ ಓಡಾಟ, ಕಂದಾಯದ ಭಾರ, ಬರಗಾಲದ ಭೀತಿ ಇವುಗಳ ನಡುವೆ ಒಕ್ಕಲಿಗನ ಬದುಕು ಸಾಗಬೇಕಾಗಿತ್ತು. ಇಂಥ ಕಾಲದಲ್ಲಿ ಒಕ್ಕಲುತನವನ್ನೇ ಕಾಯಕವೆಂದು ನಂಬಿದ ಲಿಂಗಾಯತ ಮನೆತನದಲ್ಲಿ ಶರಣಬಸಪ್ಪನವರು ಬೆಳೆದರು. ಕಲಕೇರಿಯ ಮರುಳಾರಾಧ್ಯರು ಅವರಿಗೆ ಗುರುಗಳಾಗಿ ದೊರೆತರು. ಗುರುಶಿಷ್ಯರ ಆ ಸಂಬಂಧ ಎಷ್ಟು ಗಾಢವಾದುದೆಂದರೆ, ಇಂದಿಗೂ ಕಲಬುರಗಿಯ ದೇವಾಲಯದಲ್ಲಿ ಇಬ್ಬರ ಮೂರ್ತಿಗಳೂ ಜೊತೆಯಾಗಿಯೇ ಪೂಜೆಗೊಳ್ಳುತ್ತವೆ.

ಶರಣರು ಸಂಸಾರವನ್ನು ತೊರೆದು ಅಡವಿಗೆ ಹೋದವರಲ್ಲ. ಮಹಾದೇವಿ ಎಂಬ ಸಾಧ್ವಿಯ ಕೈಹಿಡಿದು ಗೃಹಸ್ಥರಾದರು. ಮೇಳಿ ಹಿಡಿದು ಉತ್ತರು, ಕೂರಿಗೆ ಹೂಡಿ ಬಿತ್ತಿದರು. ದುಡಿದುದನ್ನು ಹಂಚಿ ಉಣ್ಣಬೇಕೆಂಬುದು 12ನೆಯ ಶತಮಾನದ ಶರಣರು ಹಾಕಿಕೊಟ್ಟ ದಾರಿ. ತುತ್ತು ಕಂಡೊಡನೆ ತನ್ನ ಬಳಗವನ್ನು ಕರೆಯುವ ಕಾಗೆಯನ್ನೂ ಕೋಳಿಯನ್ನೂ ಭಕ್ತನಿಗೆ ಮೇಲ್ಪಂಕ್ತಿಯಾಗಿ ತೋರಿಸಿದವರು ಬಸವಣ್ಣನವರು. ಅಂಗಳದ ಹಕ್ಕಿಯನ್ನು ಕಣ್ಣಿಟ್ಟು ನೋಡಿದವರಿಗಲ್ಲದೆ ಆ ದೃಷ್ಟಾಂತ ಹೊಳೆಯುವಂತಿಲ್ಲ. ಆರು ನೂರು ವರ್ಷಗಳ ತರುವಾಯ ಅರಳಗುಂಡಗಿಯ ಹೊಲದಲ್ಲಿ ಅದೇ ಪಾಠ ಆಚರಣೆಗೆ ಬಂದಿತು.

ಮಂಚಿಕೆಯ ಮೇಲಿನ ಕಾವಲು

ಈ ಪ್ರಸಂಗದ ಮಹತ್ವ ತಿಳಿಯಬೇಕಾದರೆ ಜೋಳದ ಕಾವಲು ಎಂಥದೆಂಬುದನ್ನು ಮೊದಲು ಅರಿಯಬೇಕು. ಹಿಂಗಾರಿ ಬಿಳಿಜೋಳವನ್ನು ಹಸ್ತ, ಚಿತ್ತ ಮಳೆಗಳ ಹದದಲ್ಲಿ ಬಿತ್ತುತ್ತಾರೆ. ಎಳ್ಳಮವಾಸ್ಯೆಯ ಹೊತ್ತಿಗೆ ಪೈರು ಆಳೆತ್ತರ ನಿಂತು ತೆನೆ ಹಾಲುಗಾಳು ಕಟ್ಟಿರುತ್ತದೆ. ಅಂದು ರೈತ ಕುಟುಂಬ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುತ್ತದೆ. ಅಲ್ಲಿಂದ ಮುಂದೆ ಸೀತನಿಯ ಕಾಲ. ಮನುಷ್ಯನಿಗೆ ಸೀತನಿ ಎಷ್ಟು ರುಚಿಯೋ ಹಕ್ಕಿಗೂ ಅಷ್ಟೇ ರುಚಿ. ಕಾಳು ಬಲಿತು ಗಟ್ಟಿಯಾಗುವವರೆಗಿನ ಕೆಲವು ವಾರಗಳಲ್ಲಿ ಗುಬ್ಬಿ, ಗಿಳಿ, ಗೀಜಗ, ಬೆಳವ, ರಾಟವಾಳಗಳ ಹಿಂಡು ತೆನೆಯ ಮೇಲೆ ಎರಗುತ್ತದೆ. ಗಿಳಿಯಂತೂ ತಿನ್ನುವುದಕ್ಕಿಂತ ಕತ್ತರಿಸಿ ಕೆಡಹುವುದೇ ಹೆಚ್ಚು. ಇವು ಸಾಲದೆಂಬಂತೆ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಗುಲಾಬಿ ಕಬ್ಬಕ್ಕಿಗಳು ಮೋಡ ಕವಿದಂತೆ ಬಂದಿಳಿಯುತ್ತವೆ. ಅವುಗಳ ಹಿಂಡು ಒಂದು ಹೊಲದಿಂದೆದ್ದು ಇನ್ನೊಂದು ಹೊಲಕ್ಕೆ ತಿರುಗುವಾಗ ಬೀಸುವ ರೆಕ್ಕೆಯ ಸದ್ದು ಗಾಳಿಯ ಸದ್ದಿನಂತೆಯೇ ಕೇಳುತ್ತದೆ.

ಆದ್ದರಿಂದ ಹೊಲದ ನಡುವೆ ನಾಲ್ಕು ಗೂಟ ನೆಟ್ಟು ಆಳೆತ್ತರಕ್ಕೆ ಮಂಚಿಕೆ ಕಟ್ಟುವುದು ಈ ನಾಡಿನ ರೂಢಿ. ಕೋಳಿ ಕೂಗುವ ಹೊತ್ತಿಗೆ ಕಾವಲುಗಾರ ಅದರ ಮೇಲೇರಿ ನಿಲ್ಲಬೇಕು. ಕೈಯಲ್ಲಿ ಕವಣೆ, ಕಾಲಬಳಿ ಕಲ್ಲಿನ ರಾಶಿ. ಬೆಳಗಿನ ಜಾವ ಮತ್ತು ಇಳಿಹೊತ್ತು ಹಕ್ಕಿಗಳು ಹೆಚ್ಚು ಹಸಿಯುವ ಸಮಯ. ಆಗ ಕಣ್ಣೆವೆ ಇಕ್ಕುವಂತಿಲ್ಲ. ಹಕ್ಕಿಯನ್ನು ಇಷ್ಟು ಎಡೆಬಿಡದೆ ನೋಡುವ ಮನುಷ್ಯ ಇನ್ನೊಬ್ಬನಿಲ್ಲ. ಆದರೆ ಅವನ ನೋಟ ವೈರಿಯ ನೋಟ. ಹಕ್ಕಿ ಎಲ್ಲಿ ಕುಳಿತಿತು ಎಂಬುದಷ್ಟೇ ಅವನಿಗೆ ಬೇಕು. ಅದು ಹೇಗಿದೆ, ಏನು ಮಾಡುತ್ತಿದೆ ಎಂಬುದು ಬೇಕಿಲ್ಲ. ಕಲ್ಲು ಬೀಸಿದೊಡನೆ ಹಕ್ಕಿ ಹಾರುತ್ತದೆ, ನೋಟವೂ ಅಲ್ಲಿಗೆ ಮುಗಿಯುತ್ತದೆ.

ಶರಣರ ಪಾಲಿಗೂ ಈ ಕಾವಲಿನ ಕೆಲಸ ಬಂದಿತೆಂದು ಚರಿತೆ ಹೇಳುತ್ತದೆ. ಅವರು ಮಂಚಿಕೆಯನ್ನೂ ಏರಿದರು, ಹೊತ್ತುಹೊತ್ತಿಗೂ ಅಲ್ಲಿದ್ದರು, ಹಕ್ಕಿಗಳನ್ನೂ ನೋಡಿದರು. ಬಿಟ್ಟದ್ದು ಕವಣೆಯೊಂದನ್ನು ಮಾತ್ರ. ಬಂದ ಹಕ್ಕಿಗಳನ್ನು ಹಾರಿಸಲಿಲ್ಲ. ಹಸಿದು ಬಂದ ಅತಿಥಿಗಳನ್ನು ಕರೆಯುವಂತೆ ಕರೆದರು. ತೆನೆ ತಿಂದು ದಣಿದವುಗಳಿಗೆ ಗಡಿಗೆಯಲ್ಲಿ ನೀರನ್ನೂ ತುಂಬಿಸಿ ಇಟ್ಟರು. ಸುತ್ತಲಿನ ಹೊಲಗಳಲ್ಲಿ ಕವಣೆಯ ಸದ್ದು, ಕೂಗಾಟ; ಈ ಹೊಲದಲ್ಲಿ ಮಾತ್ರ ಹಕ್ಕಿಗಳ ಚಿಲಿಪಿಲಿ. ಅಲ್ಲಿಯ ಹಿಂಡು ಇಲ್ಲಿಗೇ ಬಂದು ಸೇರಿದುದರಲ್ಲಿ ಆಶ್ಚರ್ಯವೇನು? ಕಂಡವರು ನಕ್ಕರು, ಮನೆಯವರು ಚಿಂತಿಸಿದರು. ಕೊನೆಗೆ ತೆನೆ ಕೊಯ್ದು, ಕಣ ಮಾಡಿ, ರಾಶಿ ಹಾಕಿದಾಗ ಕಾಳು ಎಂದಿಗಿಂತ ಹೆಚ್ಚೇ ಬಂದಿತೆಂದು ಭಕ್ತಪರಂಪರೆ ನಂಬಿದೆ.

ಕಾಳಿನ ಬೆಲೆ

ಈ ಪ್ರಸಂಗವನ್ನು ಕೇಳಿ ಕೈಮುಗಿಯುವುದು ಸುಲಭ. ಆ ಕಾಳಿನ ಬೆಲೆಯನ್ನು ಎಣಿಸುವುದು ಕಷ್ಟ. ಒಂದು ಸೇರು ಜೋಳವೆಂದರೆ ಆ ಕಾಲದ ಬಡ ಕುಟುಂಬಕ್ಕೆ ಒಂದು ದಿನದ ಜೀವ. ಶರಣರ ಜೀವಿತಕಾಲದಲ್ಲಿಯೇ, 1791-92ರಲ್ಲಿ, ಹೈದರಾಬಾದ್ ಮತ್ತು ಮರಾಠಾ ಸೀಮೆಗಳನ್ನು ಒಳಗೊಂಡಂತೆ ದಖ್ಖನದ ಮೇಲೆ ಘೋರವಾದ ಕ್ಷಾಮ ಬಂದೆರಗಿತು. ಸತ್ತವರನ್ನು ಹೂಳುವವರಿಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದುವಾಗಿ ಅದಕ್ಕೆ ಬುರುಡೆಯ ಬರವೆಂದೇ ಹೆಸರು ನಿಂತಿತು. ಆಗ ಶರಣರಿಗೆ 45 ವರ್ಷ ವಯಸ್ಸು. ಇಂಥ ಬರಗಳನ್ನು ಕಂಡ ನಾಡಿನಲ್ಲಿ ಹಕ್ಕಿಗೆ ಕಾಳು ಬಿಡುವುದೆಂದರೆ ಶ್ರೀಮಂತನ ವಿನೋದವಲ್ಲ. ಮನೆಯವರ ಚಿಂತೆಯನ್ನು ಅಲ್ಪಬುದ್ಧಿಯೆಂದು ಹಳಿಯುವುದೂ ನ್ಯಾಯವಲ್ಲ. ಗುಡಾಣದ ತಳ ಕಂಡವರಿಗೆ ಮಾತ್ರ ಆ ಭಯ ಗೊತ್ತು.

ಆದರೂ ಶರಣರ ಲೆಕ್ಕ ಬೇರೆಯೇ ಆಗಿತ್ತು. ಹೊಲ ಉತ್ತವನದು ನಿಜ. ಆದರೆ ಮಳೆ, ಬಿಸಿಲು, ಗಾಳಿ, ಮಣ್ಣು ಯಾರವು? ಬೀಜ ಮೊಳೆಯುವ ಶಕ್ತಿ ಯಾರದು? ತನ್ನದಲ್ಲದ ಎಷ್ಟೋ ಸೇರಿ ಬೆಳೆದ ಬೆಳೆಯಲ್ಲಿ ಪೂರ್ತಿ ತನ್ನದೆನ್ನುವ ಪಾಲು ಎಷ್ಟು? ಹಕ್ಕಿ ಕಳ್ಳನಲ್ಲ, ಪಾಲುಗಾರ. ಈ ಭಾವ ಬಂದ ಬಳಿಕ ಕವಣೆ ತಾನಾಗಿಯೇ ಕೈಯಿಂದ ಜಾರುತ್ತದೆ. ದಾಸೋಹವೆಂಬುದು ಕೊಡುವವನ ಹಿರಿಮೆಯಲ್ಲ, ಪಡೆಯುವವನ ಹಕ್ಕು ಎಂಬ ತತ್ತ್ವವನ್ನು ಶರಣರು ಮೊದಲು ಮಾತಿಲ್ಲದ ಜೀವಿಗಳ ವಿಷಯದಲ್ಲಿ ನಡೆಸಿ ತೋರಿಸಿದರು. ಮನುಷ್ಯನಾದರೂ ಉಂಡು ಹರಸುತ್ತಾನೆ, ಹೊಗಳುತ್ತಾನೆ. ಹಕ್ಕಿ ಉಂಡು ಹಾರಿಹೋಗುತ್ತದೆ. ಅದಕ್ಕೆ ಕೊಟ್ಟ ಅನ್ನದಲ್ಲಿ ಫಲಾಪೇಕ್ಷೆ ಇರುವುದಕ್ಕೆ ಎಡೆಯೇ ಇಲ್ಲ.

ರಾಶಿ ಹೆಚ್ಚಾದ ಸಂಗತಿ ಭಕ್ತರಿಗೆ ಮಹಿಮೆ. ಕೃಷಿಶಾಸ್ತ್ರವನ್ನು ಬಲ್ಲವರು ಇದರ ಪಕ್ಕದಲ್ಲಿ ಇನ್ನೊಂದು ಮಾತನ್ನು ಇಡುತ್ತಾರೆ. ಕಾಳು ತಿನ್ನುವ ಹಕ್ಕಿಗಳೂ ಮರಿಗಳಿಗೆ ಉಣಿಸುವುದು ಬಹುಮಟ್ಟಿಗೆ ಹುಳುಗಳನ್ನೇ. ಗುಬ್ಬಿಯ ಮರಿ ಜೋಳದ ಕಾಳನ್ನು ಅರಗಿಸಿಕೊಳ್ಳಲಾರದು. ತಾಯಿತಂದೆಗಳು ದಿನವಿಡೀ ಕೊಕ್ಕಿನಲ್ಲಿ ಮಿಡತೆ, ಕಂಬಳಿಹುಳು ಹಿಡಿದು ತರುತ್ತವೆ. ಗುಲಾಬಿ ಕಬ್ಬಕ್ಕಿ ತನ್ನ ತವರಿನಲ್ಲಿ ಮಿಡತೆಗಳ ಪರಮಶತ್ರು. ಕಾಜಾಣ, ನೀಲಕಂಠ, ಗೋವಕ್ಕಿಗಳಂತೂ ಹುಳುಗಳಿಂದಲೇ ಬದುಕುವುವು. ತೊಗರಿಯ ಕಾಯಿಕೊರಕ ಹುಳುವಿನ ಹಾವಳಿ ತಗ್ಗಿಸಲು ಹೊಲದಲ್ಲಿ ಹಕ್ಕಿ ಕೂರುವ ಕವಲುಕೋಲುಗಳನ್ನು ನೆಡಿರೆಂದೂ, ತೊಗರಿಯ ನಡುವೆ ಅಲ್ಲಲ್ಲಿ ಜೋಳದ ಗಿಡ ಬೆಳೆಸಿರೆಂದೂ ಕೃಷಿ ವಿಜ್ಞಾನಿಗಳು ಇಂದು ಸಲಹೆ ಮಾಡುತ್ತಾರೆ. ಶರಣರು ಈ ಲಾಭವನ್ನು ಎಣಿಸಿ ಹಾಗೆ ಮಾಡಿದರೆಂದಲ್ಲ. ದಯೆಯ ದಾರಿಯೂ ವಿವೇಕದ ದಾರಿಯೂ ಒಂದೇ ಹೊಲದಲ್ಲಿ ಕೂಡಿದುವೆಂದು ತಿಳಿದರೆ ಸಾಕು.

ನೋಟದ ಸುಖ

ಕವಣೆ ಕೆಳಗಿಟ್ಟವನಿಗೆ ದೊರೆಯುವ ಇನ್ನೊಂದು ಲಾಭವುಂಟು. ಅವನಿಗೆ ಹಕ್ಕಿ ಕಾಣತೊಡಗುತ್ತದೆ. ಮಂಚಿಕೆಯಿಂದ ಅಥವಾ ಮನೆಯ ಪಡಸಾಲೆಯಿಂದ ಇಡೀ ದಿನ ನೋಡಿದರೂ ತೀರದ ಆಟ ಅದು. ಹೊತ್ತು ಮೂಡುವ ಮೊದಲೇ ಕಾಜಾಣ ಎಚ್ಚತ್ತು ಕೂಗುತ್ತದೆ. ಎಮ್ಮೆಯ ಬೆನ್ನೇರಿ ಕುಳಿತು, ಹುಲ್ಲಿನಿಂದ ಎದ್ದ ಹುಳುವಿನ ಮೇಲೆ ಎರಗಿ, ಮರಳಿ ಅದೇ ಬೆನ್ನಿಗೆ ಬರುತ್ತದೆ. ನೇಗಿಲ ಸಾಲಿನ ಹಿಂದೆ ಗೋವಕ್ಕಿಗಳು ಸಾಲು ಹಿಡಿದು ನಡೆಯುತ್ತವೆ. ಕುಳಿತಾಗ ಮಾಸಲಾಗಿ ಕಾಣುವ ನೀಲಕಂಠ ರೆಕ್ಕೆ ಬಿಚ್ಚಿದೊಡನೆ ಆಕಾಶದ ತುಂಡೊಂದು ಹಾರಿದಂತೆ ತೋರುತ್ತದೆ. ಕರ್ನಾಟಕ ತನ್ನ ರಾಜ್ಯಪಕ್ಷಿಯೆಂದು ಆರಿಸಿಕೊಂಡಿರುವುದು ಇದನ್ನೇ. ಟಿಟ್ಟಿಭ ಬಯಲಲ್ಲೇ ನಾಲ್ಕು ಮೊಟ್ಟೆ ಇಟ್ಟು ಕಾಯುತ್ತದೆ. ಮೊಟ್ಟೆಗಳು ಹೆಂಟೆಕಲ್ಲುಗಳ ಬಣ್ಣದಲ್ಲಿ ಬೆರೆತು, ಕಾಲಬಳಿ ಇದ್ದರೂ ಕಣ್ಣಿಗೆ ಬೀಳವು. ಮಳೆಗಾಲದಲ್ಲಿ ಬಾವಿಯ ಮೇಲೆ ಬಾಗಿದ ಜಾಲಿಯ ಟೊಂಗೆಗೆ ಗಂಡು ಗೀಜಗ ಗೂಡು ನೇಯುತ್ತದೆ. ಗೂಡು ಅರ್ಧವಾದಾಗ ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಉಳಿದರ್ಧ, ಒಪ್ಪದಿದ್ದರೆ ಶ್ರಮವೆಲ್ಲ ವ್ಯರ್ಥ. ಹರಟೆಮಲ್ಲಗಳು ಏಳೆಂಟು ಕೂಡಿ ಬೇಲಿಯ ಬುಡದಲ್ಲಿ ಒಣ ಎಲೆ ಕೆದಕುತ್ತ ಜಗಳವಾಡುತ್ತವೆ; ಹಾವು ಕಂಡರೆ ಜಗಳ ಮರೆತು ಒಂದಾಗಿ ಕೂಗುತ್ತವೆ. ಸಂಜೆ ಬೆಳ್ಳಕ್ಕಿಯ ಸಾಲು ಕೆರೆಯಿಂದ ಮರಕ್ಕೆ ಮರಳುತ್ತದೆ.

ಇದಾವುದಕ್ಕೂ ಹಣ ಬೇಡ, ಪ್ರಯಾಣ ಬೇಡ, ಉಪಕರಣ ಬೇಡ. ಬೇಕಾದುದು ಸ್ವಲ್ಪ ಸುಮ್ಮನಿರುವ ಅಭ್ಯಾಸ. ತಾನಿದ್ದ ಕಡೆಯೇ ಅಲುಗದೆ ಕುಳಿತು, ಇನ್ನೊಂದು ಜೀವಿಯ ಬದುಕನ್ನು ಯಾವ ಸ್ವಾರ್ಥವೂ ಇಲ್ಲದೆ ನೋಡುವುದು ಒಂದು ಬಗೆಯ ಧ್ಯಾನವೇ ಸರಿ. ಶಿವಯೋಗಕ್ಕೆ ಕುಳಿತವರಿಗೆ ಬೇಕಾದ ದೃಷ್ಟಿಯ ನಿಲುಗಡೆಯನ್ನು ಹೊಲದ ಹಕ್ಕಿಯೂ ಕಲಿಸಬಲ್ಲದು. ಶರಣರಿಗೆ ಮಂಚಿಕೆಯೇ ಮಠವಾಯಿತು ಎಂದರೆ ಅತಿಶಯೋಕ್ತಿಯಾಗಲಾರದು.

ಹೊಲದಿಂದ ಮಹಾಮನೆಗೆ

ಹಕ್ಕಿಗೆ ತೆರೆದ ಮನಸ್ಸು ಮನುಷ್ಯನಿಗೆ ಮುಚ್ಚುವುದುಂಟೆ? ಶರಣರ ಮನೆ ದಾರಿಹೋಕರಿಗೂ ದೀನದರಿದ್ರರಿಗೂ ಅನ್ನದ ಮನೆಯಾಯಿತು. ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ. ಹಿಂಡಿನಲ್ಲಿ ಬಂದ ಹಕ್ಕಿಯ ಕುಲವನ್ನು ಯಾರು ಕೇಳುತ್ತಾರೆ! ಕಾಲಾಂತರದಲ್ಲಿ ಸತಿಯ ವಿಯೋಗವಾಯಿತು. ಸಂಸಾರದ ಕಟ್ಟು ಸಡಿಲಿದ ಮೇಲೆ ಶರಣರು ತಮ್ಮದೆನ್ನುವುದನ್ನೆಲ್ಲ ಹಂಚಿ ಅರಳಗುಂಡಗಿಯನ್ನು ಬಿಟ್ಟು ಹೊರಟರು. ಹಲವು ಊರುಗಳನ್ನು ಹಾದು ಕಲಬುರಗಿಗೆ ಬಂದು ನೆಲೆಸಿದರು. ಅಲ್ಲಿ ಅವರು ಹಚ್ಚಿದ ದಾಸೋಹದ ಒಲೆಯ ಕಾವಿನಿಂದಲೇ ನಾಡು ಅವರನ್ನು ಮಹಾದಾಸೋಹಿ ಎಂದು ಕರೆಯಿತು. 1822ರಲ್ಲಿ ಅವರು ಲಿಂಗೈಕ್ಯರಾದರು. ಆದಿ ದೊಡ್ಡಪ್ಪ ಅಪ್ಪನವರಿಂದ ಪೀಠಪರಂಪರೆ ಮುಂದುವರಿಯಿತು.

ಹೋಳಿಹುಣ್ಣಿಮೆಯ ಅನಂತರ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ರಥೋತ್ಸವ ಜರುಗುತ್ತದೆ. ಬಿಳಿಜೋಳದ ಸುಗ್ಗಿ ಮುಗಿದು ರೈತ ಕೈತೊಳೆದುಕೊಂಡಿರುವ ಹೊತ್ತು ಅದು. ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳಿಂದ ಭಕ್ತರು ತಂಡೋಪತಂಡವಾಗಿ ಹೋಗುತ್ತಾರೆ. ಅನ್ನದ ದಾಸೋಹ ಮುಂದೆ ಅಕ್ಷರದ ದಾಸೋಹವಾಯಿತು. 1934ರಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘ ಸ್ಥಾಪನೆಗೊಂಡಿತು. 2017ರಲ್ಲಿ ಶರಣರ ಹೆಸರಿನಲ್ಲಿ ವಿಶ್ವವಿದ್ಯಾಲಯವೂ ಉದಯಿಸಿತು. ಹೊಲದ ಗಡಿಗೆಯ ನೀರಿನಲ್ಲಿ ಆರಂಭವಾದ ಕಾರ್ಯ ಎಷ್ಟು ದೂರ ಹರಿಯಿತು!

ಇಂದಿನ ಹೊಲ, ಇಂದಿನ ಅಂಗಳ

ಶರಣರ ಕಾಲದ ನೆಲ ಇಂದು ಮೊದಲಿನಂತಿಲ್ಲ. 1982ರಲ್ಲಿ ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟು ಪೂರ್ಣಗೊಂಡು ಕೃಷ್ಣೆಯ ನೀರು ಕಾಲುವೆಗಳಲ್ಲಿ ಸುರಪುರ, ಶಹಾಪುರಗಳ ಹೊಲಗಳಿಗೆ ಹರಿಯಿತು. ಬರದ ನಾಡಿನಲ್ಲಿ ಭತ್ತ ಬೆಳೆಯಿತು, ಹತ್ತಿ ಬೆಳೆಯಿತು. ಇದು ಸಣ್ಣ ಭಾಗ್ಯವಲ್ಲ. ಆದರೆ ಜೋಳದ ಹೊಲಗಳು ಕಿರಿದಾದುವು, ಮಂಚಿಕೆಗಳು ವಿರಳವಾದುವು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಜಂತೆಯ ಸಂದಿಯೂ ಬೆಳಕಿಂಡಿಯೂ ಗುಬ್ಬಿಗೆ ಗೂಡಿನ ಮನೆಗಳಾಗಿದ್ದುವು. ನಡುಮನೆಯಲ್ಲಿ ಜೋಳ ಹಸನು ಮಾಡುವಾಗ ಗುಬ್ಬಿಗಳು ಮೊರದಂಚಿಗೇ ಬರುತ್ತಿದ್ದುವು. ಸಿಮೆಂಟಿನ ಗೋಡೆಯಲ್ಲಿ ಆ ಸಂದಿಯಿಲ್ಲ, ಮೊರದ ಕೆಲಸವೂ ಇಲ್ಲ. ಬೆಳೆಗೆ ಹೊಡೆಯುವ ಕೀಟನಾಶಕ ಹುಳುವಿನೊಡನೆ ಮರಿಯ ಆಹಾರವನ್ನೂ ಇಲ್ಲವಾಗಿಸುತ್ತದೆ. ಕವಣೆಗಿಂತ ಮೌನವಾದ, ಆದರೆ ಕವಣೆಗಿಂತ ಹರಿತವಾದ ಆಯುಧಗಳಿವು.

ಆದರೂ ನಿರಾಶೆಗೆ ಕಾರಣವಿಲ್ಲ. ಸುರಪುರಕ್ಕೆ ಸಮೀಪದ ಬೋನಾಳದ ಕೆರೆ ಇದಕ್ಕೆ ಸಾಕ್ಷಿ. ಸುರಪುರದ ನಾಯಕ ಅರಸರ ಕಾಲದಲ್ಲಿ ಕಟ್ಟಿದ ಈ ಕೆರೆ 19ನೆಯ ಶತಮಾನದಲ್ಲಿ, ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರರ ದಿನಗಳಲ್ಲಿ ಅಭಿವೃದ್ಧಿಗೊಂಡಿತೆಂದು ಈ ಭಾಗದ ಜನ ಸ್ಮರಿಸುತ್ತಾರೆ. ಕೆರೆ ಕಟ್ಟಿದವರು ಬೆಳೆಗೆಂದು ಕಟ್ಟಿದರು; ಹಕ್ಕಿಗಳು ಅದನ್ನು ತಮ್ಮದೂ ಎಂದುಕೊಂಡುವು. ಇಂದು ಅದು ಪಕ್ಷಿಧಾಮ. ನೇರಳೆ ಜಂಬುಕೋಳಿ, ಕೆಂಬರಲು, ನೇರಳೆ ಬಕಗಳು ಅಲ್ಲಿ ಕಾಣಸಿಗುತ್ತವೆ. ಚಳಿಗಾಲದಲ್ಲಿ ಟಿಬೆಟ್, ಮಂಗೋಲಿಯಾಗಳ ಕಡೆಯಿಂದ ಹಿಮಾಲಯವನ್ನೇ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಸಾವಿರಾರು ಮೈಲಿ ಹಾರಿ ಬಂದ ಅತಿಥಿಗಳು ಸಗರನಾಡಿನ ಕೆರೆಯನ್ನು ಆರಿಸಿಕೊಂಡಿರುವುದು ಈ ನೆಲಕ್ಕೆ ಸಂದ ಗೌರವ.

ಬೋನಾಳಕ್ಕೆ ಹೋಗಲಾರದವರಿಗೆ ಮನೆಯಂಗಳವಿದೆ, ಶಾಲೆಯ ಬಯಲಿದೆ. ವೈಶಾಖದಲ್ಲಿ 40 ಡಿಗ್ರಿ ದಾಟುವ ಈ ಸೀಮೆಯ ಬಿಸಿಲಿನಲ್ಲಿ ಬೇವಿನ ನೆರಳಲ್ಲಿ ಇಟ್ಟ ಒಂದು ಅಗಲಬಾಯಿಯ ಮಣ್ಣಿನ ಪಾತ್ರೆಯ ನೀರು ಎಷ್ಟೋ ಜೀವಗಳನ್ನು ಉಳಿಸುತ್ತದೆ. ನೀರು ಆಳವಾಗಿರಬಾರದು, ಸಣ್ಣ ಹಕ್ಕಿ ನಿಲ್ಲಲು ನಡುವೆ ಒಂದು ಕಲ್ಲಿರಬೇಕು, ದಿನವೂ ತೊಳೆದು ಹೊಸ ನೀರು ತುಂಬಬೇಕು. ಸುಗ್ಗಿಯಲ್ಲಿ ನಾಲ್ಕು ತೆನೆಗಳನ್ನು ಸೂರಿನಡಿ ಗೊಂಚಲಾಗಿ ಕಟ್ಟುವ ಹಿರಿಯರ ವಾಡಿಕೆಯನ್ನು ಮರಳಿ ಹಿಡಿಯಬೇಕು. ಗುರುಗಳು ತರಗತಿಯ ಕಿಟಕಿಯಾಚೆ ಕುಳಿತ ಹಕ್ಕಿಯ ಹೆಸರನ್ನು ಮಕ್ಕಳಿಗೆ ಕಲಿಸಬೇಕು. ಹೆಸರು ಬಲ್ಲ ಮಗು ಅದರತ್ತ ಕಲ್ಲೆಸೆಯಲು ಹಿಂಜರಿಯುತ್ತದೆ. ಕಟ್ಟಡಕ್ಕೆ ದಾನ ಮಾಡುವ ಪುಣ್ಯವಂತರು ಅದರ ಸುತ್ತ ಬೇವು, ಬನ್ನಿ, ಆಲ, ಅತ್ತಿಯ ಸಸಿಗಳಿಗೂ ಒಂದು ಪಾಲು ತೆಗೆದಿಟ್ಟರೆ, ಆ ದಾನವನ್ನು ಮನುಷ್ಯರಲ್ಲದವರೂ ಉಣ್ಣುತ್ತಾರೆ. ಹಳೆಯ ವಿದ್ಯಾರ್ಥಿಗಳು ಎಲ್ಲಿಯೇ ನೆಲೆಸಿರಲಿ, ಮನೆಯ ಮೇಲ್ಮಾಳಿಗೆಯಲ್ಲಿ ಒಂದು ಗಡಿಗೆ ನೀರಿಡುವಷ್ಟು ಜಾಗ ಎಲ್ಲೆಡೆಯೂ ಉಂಟು.

ಶರಣಬಸವೇಶ್ವರರು ದೊಡ್ಡ ಗ್ರಂಥವನ್ನು ಬರೆದು ಲೋಕಕ್ಕೆ ಬುದ್ಧಿ ಹೇಳಿದವರಲ್ಲ. ಕೈಯಲ್ಲಿದ್ದುದನ್ನು ಕೆಳಗಿಟ್ಟು ತೋರಿಸಿದವರು. ಕಾವಲನ್ನು ಬಿಡದೆ ವೈರವನ್ನು ಬಿಡಬಹುದೆಂದೂ, ಕೊಟ್ಟವನ ರಾಶಿ ಬರಿದಾಗುವುದಿಲ್ಲವೆಂದೂ ಅವರ ಹೊಲ ಇಂದಿಗೂ ಸಾರುತ್ತಿದೆ. ಆ ಮಹಾದಾಸೋಹಿಯ ಕೃಪೆಯಿಂದ ನಾಡಿನಲ್ಲಿ ಕಾಲಕ್ಕೆ ಮಳೆಯಾಗಲಿ, ಹೊಲ ತುಂಬ ತೆನೆ ತೂಗಲಿ, ತೆನೆಯ ಮೇಲೆ ಹಕ್ಕಿಗಳು ನಿರ್ಭಯವಾಗಿ ಕೂರಲಿ.